ಪಿಡಿಎಸ್‌ಎ, ಆಡಿಟ್, ಲೀನ್, ನಯಾಟೆಕ್ಸ್: ಮನೋಆರೋಗ್ಯ ಸೇವೆಗೆ ಯಾವುದು ಹೊಂದುತ್ತೆ?

ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವವರಿಗಾಗಲಿ, ವ್ಯಸನ ಬಿಡಿಸುವ ಕೇಂದ್ರದಲ್ಲಿ ದುಡಿಯುವವರಿಗಾಗಲಿ ಒಂದಲ್ಲ ಒಂದು ದಿನ ಮೇಲಿನಿಂದ ಮಾತು ಬರುತ್ತದೆ: ಗುಣಮಟ್ಟ ಸುಧಾರಣೆ ಶುರು ಮಾಡಿ. ಸರಿ, ಶುರು ಮಾಡೋಣ. ಆದರೆ ಯಾವುದನ್ನು ಹಿಡಿದು? ಹುಡುಕಲು ಕೂತರೆ ಪಿಡಿಎಸ್‌ಎ, ಆಡಿಟ್, ಲೀನ್, ಸಿಕ್ಸ್ ಸಿಗ್ಮಾ, ನಯಾಟೆಕ್ಸ್ ಅಂತ ಹೆಸರುಗಳ ಸಾಲೇ ನಿಲ್ಲುತ್ತದೆ. ಒಂದೊಂದಕ್ಕೂ ತರಬೇತಿ ಕೊಡುವವರಿದ್ದಾರೆ. ಎಲ್ಲರೂ ತಮ್ಮದೇ ಮೇಲು ಅನ್ನುತ್ತಾರೆ.

ಮೊದಲು ನಿಮ್ಮ ತೊಂದರೆ ಯಾವ ಬಗೆಯದು ಅಂತ ನೋಡಿಕೊಳ್ಳಿ, ವಿಧಾನದ ಹೆಸರು ಆಮೇಲೆ. ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿದ್ದೂ ಕೆಲಸ ಆಗುತ್ತಿಲ್ಲವೇ? ಏನು ಮಾಡಿದರೆ ಸರಿಹೋಗುತ್ತೆ ಅನ್ನೋದೇ ಗೊತ್ತಿಲ್ಲವೇ? ಬಂದವರು ಎಲ್ಲೋ ಒಂದು ಕಡೆ ಕಾದು ಕಾದು ವಾಪಸ್ ಹೋಗುತ್ತಿದ್ದಾರೆಯೇ? ಅಥವಾ ಅಪರೂಪಕ್ಕೆ, ಆದರೆ ಆದಾಗ ಎಲ್ಲರ ನಿದ್ದೆ ಕೆಡಿಸುವಂಥದ್ದೇ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಸಲ್ಲುವುದನ್ನು ಇನ್ನೊಂದಕ್ಕೆ ಹಚ್ಚಿದಾಗಲೇ 'ನಮ್ಮಲ್ಲಿ ಇದೆಲ್ಲ ನಡೆಯಲ್ಲ' ಅನ್ನೋ ಮಾತು ಹುಟ್ಟುವುದು.

ಏನು ಮಾಡಬೇಕು ಅಂತ ಗೊತ್ತಿಲ್ಲದಾಗ: ಪಿಡಿಎಸ್‌ಎ

ಪ್ಲಾನ್, ಡೂ, ಸ್ಟಡಿ, ಆಕ್ಟ್. ಯೋಚಿಸಿ, ಚಿಕ್ಕದಾಗಿ ಮಾಡಿ, ಏನಾಯಿತು ಅಂತ ಕೂತು ನೋಡಿ, ಮುಂದೇನು ಅಂತ ತೀರ್ಮಾನಿಸಿ. ಮತ್ತೆ ಮೊದಲಿನಿಂದ. ಬೆಲ್ ಲ್ಯಾಬ್ಸ್‌ನಲ್ಲಿದ್ದ ವಾಲ್ಟರ್ ಶೂಹಾರ್ಟ್ ಅವರ ಯೋಚನೆ ಇದರ ಬೇರು. ಅದನ್ನು ಬೆಳೆಸಿ ಜಗತ್ತಿಗೆ ಹಬ್ಬಿಸಿದವರು ಎಡ್ವರ್ಡ್ಸ್ ಡೆಮಿಂಗ್. ಕಾರ್ಖಾನೆಯಲ್ಲಿ ಬೆಳೆದದ್ದು ಆಸ್ಪತ್ರೆಗಳಿಗೆ ಬಂದದ್ದು ತಡವಾಗಿ. 1991ರಲ್ಲಿ ಶುರುವಾದ ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಹೆಲ್ತ್‌ಕೇರ್ ಇಂಪ್ರೂವ್‌ಮೆಂಟ್ ಅದನ್ನು ಜಾಸ್ತಿ ಪ್ರಚಾರಕ್ಕೆ ತಂದಿತು. ಚಕ್ರ ತಿರುಗಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವುದು ವಾಡಿಕೆ: ಏನನ್ನು ಸಾಧಿಸಬೇಕು? ಸುಧಾರಿಸಿತು ಅಂತ ಹೇಗೆ ಗೊತ್ತಾಗುತ್ತೆ? ಯಾವ ಬದಲಾವಣೆ ಮಾಡಿ ನೋಡಬಹುದು?

ಒಂದು ಉದಾಹರಣೆ ಹಿಡಿದೇ ನೋಡೋಣ. ಮೊದಲ ಭೇಟಿಗೆ ಹೆಸರು ಬರೆಸಿದ ಹತ್ತು ಮಂದಿಯಲ್ಲಿ ನಾಲ್ವರು ಬರುತ್ತಿಲ್ಲ ಅಂತಿಟ್ಟುಕೊಳ್ಳಿ. ಹಿಂದಿನ ದಿನ ನೆನಪಿನ ಮೆಸೇಜ್ ಕಳಿಸಿದರೆ ಬರಬಹುದು ಅಂತ ಯಾರೋ ಅಂದರು. ಸಾಮಾನ್ಯವಾಗಿ ಏನಾಗುತ್ತೆ? ಮೀಟಿಂಗ್ ಆಗುತ್ತೆ, ಸುತ್ತೋಲೆ ಹೊರಡುತ್ತೆ, ಮುಂದಿನ ತಿಂಗಳಿಂದ ಎಲ್ಲರಿಗೂ ಮೆಸೇಜ್. ಪಿಡಿಎಸ್‌ಎ ಹಾಗಲ್ಲ. ಒಬ್ಬ ಕೌನ್ಸೆಲರ್, ಮುಂದಿನ ಐದು ಹೊಸಬರು, ಅಷ್ಟೇ. ಕಳಿಸುವ ಮೊದಲೇ 'ಐವರಲ್ಲಿ ನಾಲ್ವರು ಬರುತ್ತಾರೆ' ಅಂತ ಊಹೆಯನ್ನು ಬರೆದಿಡಬೇಕು. ಈ ಊಹೆ ಬರೆಯುವ ಕೆಲಸವನ್ನು ಎಲ್ಲರೂ ಹಾರಿಸುತ್ತಾರೆ. ಅದನ್ನು ಹಾರಿಸಿದರೆ ಆಮೇಲೆ ಏನು ಬಂದರೂ 'ನಾವು ಅಂದುಕೊಂಡಿದ್ದೂ ಇದೇ' ಅಂತಲೇ ಅನ್ನಿಸುತ್ತದೆ.

ಮೂವರು ಬಂದರು ಅನ್ನಿ. ಬಾರದವರಲ್ಲಿ ಒಬ್ಬರಿಗೆ ಫೋನ್ ಮಾಡಿದಾಗ ತಿಳಿಯಿತು: ಆ ನಂಬರ್ ಗಂಡನದ್ದು, ಮೆಸೇಜಿನಲ್ಲಿ 'ಮಾನಸಿಕ ಆರೋಗ್ಯ ವಿಭಾಗ' ಅಂತ ಇತ್ತು, ಮನೆಯಲ್ಲಿ ರಂಪ ಆಯಿತು. ಎಲ್ಲರಿಗೂ ಒಂದೇ ಸಲ ಕಳಿಸಿದ್ದರೆ ಇಂಥ ಎಷ್ಟು ಮನೆಗಳಲ್ಲಿ ಹೀಗಾಗುತ್ತಿತ್ತೋ. ಎರಡನೇ ಸುತ್ತಿನಲ್ಲಿ ಹೆಸರು ಬರೆಸಿಕೊಳ್ಳುವಾಗಲೇ ಎರಡು ಮಾತು ಕೇಳಿ: ಯಾವ ನಂಬರಿಗೆ ಕಳಿಸಲಿ, ಏನಂತ ಬರೆಯಲಿ? 'ನಾಳೆ 11 ಗಂಟೆಗೆ ಭೇಟಿ' ಅಂದರೆ ಸಾಕು. ಮೂರನೇ ಸುತ್ತಿನಲ್ಲಿ ಇಬ್ಬರು ಕೌನ್ಸೆಲರ್, ಇಪ್ಪತ್ತು ಮಂದಿ. ಹೀಗೆ ಹಿಗ್ಗಿಸುತ್ತಾ ಹೋಗುವುದು.

ಮನೋಆರೋಗ್ಯಕ್ಕೆ ಪಿಡಿಎಸ್‌ಎ ಒಗ್ಗುವುದೂ ಇದೇ ಕಾರಣಕ್ಕೆ. ಇಲ್ಲಿ ಕಾಯಿಲೆಯ ಜೊತೆ ನಾಚಿಕೆ, ಗುಟ್ಟು, ಭಯ ಅಂಟಿಕೊಂಡಿರುತ್ತವೆ. ಕಾಗದದ ಮೇಲೆ ಚೆನ್ನಾಗಿ ಕಾಣುವ ಬದಲಾವಣೆ ಎಲ್ಲಿ ಚುಚ್ಚುತ್ತದೆ ಅಂತ ಮೊದಲೇ ಹೇಳಲಾಗದು. ಚಿಕ್ಕದಾಗಿ ಮಾಡಿದರೆ ಚುಚ್ಚಿದ್ದು ಬೇಗ ಗೊತ್ತಾಗುತ್ತೆ, ಗಾಯವೂ ಚಿಕ್ಕದು.

ಇದರ ದೋಷವನ್ನೂ ಹೇಳಬೇಕು. ಪಿಡಿಎಸ್‌ಎ ಅಂತ ಹೆಸರು ಹೇಳಿಕೊಳ್ಳುವುದು ಸುಲಭ, ಮಾಡುವುದು ಕಷ್ಟ. ಆರೋಗ್ಯ ಕ್ಷೇತ್ರದಲ್ಲಿ ಇದರ ಬಳಕೆ ಹೇಗಿದೆ ಅಂತ 2014ರಲ್ಲಿ ಪ್ರಕಟವಾದ ಒಂದು ವಿಮರ್ಶೆ 73 ಲೇಖನಗಳನ್ನು ಜಾಲಾಡಿತು. ಒಂದರ ಮೇಲೊಂದು ಸುತ್ತು ನಡೆಸಿದ್ದನ್ನು ಪೂರ್ತಿ ದಾಖಲಿಸಿದ್ದವು ಬರೀ 14. ಉಳಿದವರು ಒಂದೇ ಸುತ್ತಿಗೆ ನಿಂತಿದ್ದರೋ, ಬರೆಯಲಿಲ್ಲವೋ, ಓದುವವರಿಗೆ ಗೊತ್ತಾಗುವಂತಿರಲಿಲ್ಲ. ಒಂದೇ ಸುತ್ತಿಗೆ ನಿಲ್ಲಿಸಿದರೆ ಅದು ಚಕ್ರ ಹೇಗಾದೀತು, ಅಲ್ವಾ?

ಗೊತ್ತಿದ್ದೂ ಆಗದಿದ್ದಾಗ: ಆಡಿಟ್

ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಔಷಧದ ಮಟ್ಟ, ಕಿಡ್ನಿ, ಥೈರಾಯ್ಡ್ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು. ಆಂಟಿಸೈಕೋಟಿಕ್ (ಭ್ರಮೆಯಂಥ ತೀವ್ರ ಮನೋರೋಗಕ್ಕೆ ಕೊಡುವ) ಔಷಧ ನುಂಗುವವರ ತೂಕ, ಬಿಪಿ, ಸಕ್ಕರೆ, ಕೊಬ್ಬು ನೋಡಬೇಕು. ಇದರಲ್ಲಿ ಹೊಸದಾಗಿ ಕಂಡುಹಿಡಿಯುವುದೇನೂ ಇಲ್ಲ. ಮಾಡುತ್ತಿದ್ದೇವೋ ಇಲ್ಲವೋ ಅನ್ನೋದಷ್ಟೇ ಪ್ರಶ್ನೆ. ಇಂಥ ಕಡೆ ಆಡಿಟ್ಟೇ ಸರಿ. ಮಾನದಂಡ ಇಟ್ಟುಕೊಳ್ಳಿ, ಫೈಲುಗಳನ್ನು ತೆಗೆದು ಎಣಿಸಿ, ಎಣಿಸಿದ್ದನ್ನು ಕೆಲಸ ಮಾಡುವವರ ಮುಂದಿಡಿ, ಸರಿಮಾಡಿ, ಆರು ತಿಂಗಳ ನಂತರ ಮತ್ತೆ ಎಣಿಸಿ. ಬ್ರಿಟನ್ನಿನಲ್ಲಿ ಮನೋರೋಗ ಔಷಧಗಳ ಬಳಕೆಯನ್ನು ಹೀಗೆ ಅಳೆಯುವುದಕ್ಕೆಂದೇ 2005ರಿಂದ ಒಂದು ರಾಷ್ಟ್ರೀಯ ವ್ಯವಸ್ಥೆ ಇದೆ.

ಲಾಭ ಎಷ್ಟು? ನಿರೀಕ್ಷೆ ಹದವಾಗಿರಲಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೋಕ್ರೇನ್ ಸಂಸ್ಥೆಯ 2012ರ ವಿಮರ್ಶೆ 140 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಆಡಿಟ್ ಮಾಡಿ ಫಲಿತಾಂಶ ತಿಳಿಸಿದ್ದರಿಂದ ಆದ ಸುಧಾರಣೆಯ ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ಶೇಕಡಾ 4.3 ಅಂಶ, ಅಂದರೆ ನೂರರಲ್ಲಿ ಸುಮಾರು ನಾಲ್ಕು ಕಡೆ ಹೆಚ್ಚು ಸರಿಯಾಯಿತು. ಅದೇ ವಿಮರ್ಶೆ ಕೆಲಸಕ್ಕೆ ಬರುವ ಇನ್ನೊಂದು ಸಂಗತಿ ಹೇಳುತ್ತದೆ: ಮೊದಲಿನ ಸ್ಥಿತಿ ತೀರಾ ಹಿಂದಿದ್ದಾಗ, ಹೇಳುವವರು ಮೇಲ್ವಿಚಾರಕರೋ ಜೊತೆಯವರೋ ಆಗಿದ್ದಾಗ, ಒಂದಕ್ಕಿಂತ ಹೆಚ್ಚು ಸಲ ಹೇಳಿದಾಗ, ಬಾಯಲ್ಲೂ ಹೇಳಿ ಬರೆದೂ ಕೊಟ್ಟಾಗ, ಗುರಿ ಮತ್ತು ಮುಂದೇನು ಅನ್ನೋದು ಸ್ಪಷ್ಟವಾಗಿದ್ದಾಗ ಲಾಭ ಜಾಸ್ತಿ. ವರ್ಷಕ್ಕೊಮ್ಮೆ ಮೇಲ್ ಮಾಡಿ ಕೈತೊಳೆದುಕೊಂಡರೆ ಆಗಲ್ಲ ಅಂತಾಯಿತು.

ಆಡಿಟ್ಟಿನ ಹಳ್ಳ ಎಲ್ಲಿದೆ ಅಂದರೆ, ಅದು ಟಿಕ್ ಎಣಿಸುತ್ತದೆ. ಆತ್ಮಹತ್ಯೆಯ ಯೋಚನೆ ಇರುವವರ ಜೊತೆ ಕೂತು ಬರೆಯುವ ಸುರಕ್ಷತಾ ಯೋಜನೆಯನ್ನೇ ತೆಗೆದುಕೊಳ್ಳಿ. ನೂರಕ್ಕೆ ನೂರು ಫೈಲಿನಲ್ಲಿ ಹಾಳೆ ಇದೆ, ಆಡಿಟ್ ಪಾಸು. ತೆರೆದು ಓದಿದರೆ ಎಲ್ಲದರಲ್ಲೂ 'ಕಷ್ಟ ಅನ್ನಿಸಿದಾಗ ಅಮ್ಮನಿಗೆ ಫೋನ್ ಮಾಡುತ್ತೇನೆ' ಅಂತಲೇ ಇದೆ, ಅಮ್ಮ ತೀರಿಕೊಂಡವರ ಹಾಳೆಯಲ್ಲೂ. ಅದಕ್ಕೇ ನೂರು ಫೈಲು ಎಣಿಸುವ ಬದಲು ಮೂವತ್ತು ಎಣಿಸಿ, ಅದರಲ್ಲಿ ಐದನ್ನು ಸಾಲು ಸಾಲಾಗಿ ಓದಿ.

ಲೀನ್ ಮತ್ತು ಸಿಕ್ಸ್ ಸಿಗ್ಮಾ

ಲೀನ್ ಬಂದದ್ದು ಟೊಯೊಟಾ ಕಾರ್ಖಾನೆಯಿಂದ. ಕೆಲಸ ಹರಿಯುವ ದಾರಿಯನ್ನು ಗೋಡೆ ಮೇಲೆ ಬಿಡಿಸಿ, ಎಲ್ಲಿ ಕಾಯುವುದಿದೆ, ಎಲ್ಲಿ ಒಂದೇ ಕೆಲಸ ಎರಡು ಸಲ ಆಗುತ್ತಿದೆ ಅಂತ ಗುರುತಿಸಿ, ಬೇಡದ್ದನ್ನು ಕಿತ್ತುಹಾಕುವುದು. ವಾರ್ಡಿನಿಂದ ಡಿಸ್ಚಾರ್ಜ್ ಆದವರು ಹೊರರೋಗಿ ವಿಭಾಗದಲ್ಲಿ ಮತ್ತೆ ಕಾಣಿಸಿಕೊಳ್ಳುವವರೆಗೆ ಎಷ್ಟು ಕೈ ಬದಲಾಗುತ್ತವೆ ಅಂತ ಬಿಡಿಸಿ ನೋಡಿ, ಗಾಬರಿಯಾಗುತ್ತೆ. ಕಾಗದ, ಫೋನು, ಫಾರ್ಮಸಿ, ಬೆಡ್ ಇಂಥವುಗಳಲ್ಲಿ ಲೀನ್ ಚೆನ್ನಾಗಿ ಕೆಲಸ ಮಾಡುತ್ತದೆ.

ಕೌನ್ಸೆಲಿಂಗ್ ಕೋಣೆಯೊಳಗೆ ಮಾತ್ರ ಅದನ್ನು ಬಿಡಬೇಡಿ. ಹತ್ತು ನಿಮಿಷ ಮಾತಿಲ್ಲದೆ ಕೂತ ಮೇಲೆ ಒಬ್ಬರ ಬಾಯಿಂದ ನಿಜವಾದ ಸಂಗತಿ ಹೊರಬರಬಹುದು. ಸ್ಟಾಪ್‌ವಾಚ್ ಹಿಡಿದವರಿಗೆ ಆ ಹತ್ತು ನಿಮಿಷ ದಂಡ.

ಸಿಕ್ಸ್ ಸಿಗ್ಮಾ, ಅಂದರೆ ಅಂಕಿಅಂಶ ಹಿಡಿದು ದೋಷ ಇಳಿಸುವ ವಿಧಾನ, 1986ರಲ್ಲಿ ಮೋಟರೋಲಾ ಕಂಪನಿಯಲ್ಲಿ ಹುಟ್ಟಿದ್ದು. ಹತ್ತು ಲಕ್ಷಕ್ಕೆ 3.4 ದೋಷ ಅನ್ನೋ ಗುರಿ ಅದರ ಗುರುತು. ತಿಂಗಳಿಗೆ ನಲವತ್ತು ಹೊಸಬರು ಬರುವ ಕ್ಲಿನಿಕ್ಕಿಗೆ ಈ ಲೆಕ್ಕ ಯಾಕೆ ಹೇಳಿ? ದೊಡ್ಡ ಆಸ್ಪತ್ರೆ ಜಾಲ, ಕೈಯಲ್ಲಿ ರಾಶಿ ಡೇಟಾ, ಅದನ್ನು ಅರೆಯಲು ಒಬ್ಬ ತಜ್ಞ ಇದ್ದರೆ ಯೋಚಿಸಿ. ಇಲ್ಲದಿದ್ದರೆ 'ಬೆಲ್ಟ್' ತರಬೇತಿಗೆ (ಸಿಕ್ಸ್ ಸಿಗ್ಮಾದ ಹಂತಗಳಿಗೆ ಕರಾಟೆಯ ಹಾಗೆ ಬೆಲ್ಟ್ ಹೆಸರು) ಕೊಡುವ ದುಡ್ಡನ್ನು ರಿಸೆಪ್ಷನ್ನಿಗೆ ಇನ್ನೊಬ್ಬರನ್ನು ತೆಗೆದುಕೊಳ್ಳಲು ಬಳಸುವುದು ವಾಸಿ.

ಬಾಗಿಲಲ್ಲೇ ಜನ ಕಳೆದುಹೋಗುತ್ತಿದ್ದರೆ: ನಯಾಟೆಕ್ಸ್

ಬೇರೆಯವೆಲ್ಲ ಹೊರಗಿನಿಂದ ಬಂದವು. ಇದು ವ್ಯಸನ ಚಿಕಿತ್ಸೆಗೆಂದೇ ಹೊಲಿದ ಅಂಗಿ. 2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗುಸ್ಟಾಫ್ಸನ್ ಅವರ ನೇತೃತ್ವದಲ್ಲಿ ಶುರುವಾಯಿತು. ಗುರಿ ನಾಲ್ಕೇ: ಕಾಯುವ ದಿನ ಕಡಿಮೆಯಾಗಬೇಕು, ಬಾರದೆ ತಪ್ಪಿಸಿಕೊಳ್ಳುವವರು ಕಡಿಮೆಯಾಗಬೇಕು, ಸೇರುವವರು ಹೆಚ್ಚಬೇಕು, ಸೇರಿದವರು ಉಳಿಯಬೇಕು. ಒಳಗಿರುವುದು ಪಿಡಿಎಸ್‌ಎ ಚಕ್ರವೇ. ಆದರೆ ಎಲ್ಲಿ ಶುರು ಮಾಡಬೇಕು ಅಂತ ಬೆರಳಿಟ್ಟು ತೋರಿಸುತ್ತದೆ, ಅದು ದೊಡ್ಡ ಉಪಕಾರ.

ಕುಡಿತ ಬಿಡಬೇಕು ಅನ್ನೋ ಮನಸ್ಸು ಇವತ್ತು ರಾತ್ರಿ ಬಂದಿರುತ್ತದೆ. ಮೂರು ವಾರದ ನಂತರದ ಅಪಾಯಿಂಟ್‌ಮೆಂಟ್ ಕೊಟ್ಟರೆ ಅಷ್ಟರಲ್ಲಿ ಆ ಮನಸ್ಸೇ ಇರುವುದಿಲ್ಲ. ಕಾಯುವ ದಿನವನ್ನೇ ಮೊದಲು ಅಳೆಯಿರಿ ಅನ್ನೋದು ಇದಕ್ಕೆ.

ನಯಾಟೆಕ್ಸ್‌ನಿಂದ ಬೇರೇನೂ ತೆಗೆದುಕೊಳ್ಳದಿದ್ದರೂ 'ವಾಕ್-ಥ್ರೂ' ಒಂದನ್ನು ತೆಗೆದುಕೊಳ್ಳಿ. ಕೇಂದ್ರದ ಮುಖ್ಯಸ್ಥರೇ ರೋಗಿಯ ಹಾಗೆ ತಮ್ಮ ಕೇಂದ್ರಕ್ಕೆ ಫೋನ್ ಮಾಡಬೇಕು, ಬರಬೇಕು, ಕಾಯಬೇಕು, ಫಾರ್ಮ್ ತುಂಬಬೇಕು. ಸಿಬ್ಬಂದಿಗೆ ಮೊದಲೇ ತಿಳಿಸಿರಬೇಕು. ಇದು ಕಳ್ಳರನ್ನು ಹಿಡಿಯುವ ಆಟವಾಗಬಾರದು. ಫೋನ್ ಏಳು ಸಲ ಹೊಡೆದುಕೊಂಡು ಕಟ್ ಆಗುತ್ತದೆ. ಎರಡನೇ ಸಲ ಎತ್ತಿದವರು 'ಡಾಕ್ಟರ್ ಚೀಟಿ ಇದೆಯಾ?' ಅಂತ ಮೊದಲು ಕೇಳುತ್ತಾರೆ. ಬಂದ ಮೇಲೆ ಯಾವಾಗಿಂದ ಕುಡಿಯುತ್ತಿದ್ದೀರಿ ಅಂತ ರಿಸೆಪ್ಷನ್ನಿನಲ್ಲಿ, ನರ್ಸ್ ಹತ್ತಿರ, ಕೌನ್ಸೆಲರ್ ಹತ್ತಿರ ಮೂರು ಸಲ ಹೇಳಬೇಕು. ಮೊದಲ ಸಲ ಹೇಳುವಾಗ ಹಿಂದೆ ಇನ್ನಿಬ್ಬರು ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ. ಇದೆಲ್ಲ ಯಾವ ವರದಿಯಲ್ಲೂ ಇರುವುದಿಲ್ಲ. ಖುದ್ದು ಕೂತವರಿಗೆ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಅಪರೂಪದ, ಆದರೆ ದೊಡ್ಡ ಅನಾಹುತಗಳಿಗೆ

ಆತ್ಮಹತ್ಯೆ ತಡೆಯುವುದು ಗುರಿಯಾದರೆ ತಿಂಗಳ ಲೆಕ್ಕ ಸುಮ್ನೆ. ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಇದರಿಂದ ಸುಧಾರಿಸಿತೋ ಕೆಟ್ಟಿತೋ ಹೇಳಲು ಆಗದು. ಒಂದು ಘಟನೆಗೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ ಹೋಯಿತು ಅಂತ ಗುರುತಿಸಿ. ಜೊತೆಗೆ ಪ್ರತಿವಾರ ಸಿಗುವ ಅಳತೆ ಬೇಕು: ಬಂದ ಎಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆಯ ಬಗ್ಗೆ ಕೇಳಿದೆವು, ಡಿಸ್ಚಾರ್ಜ್ ಆದವರಲ್ಲಿ ಎಷ್ಟು ಮಂದಿಗೆ ಕೆಲವೇ ದಿನಗಳಲ್ಲಿ ಫೋನ್ ಹೋಯಿತು. ಅಮೆರಿಕದ ಹೆನ್ರಿ ಫೋರ್ಡ್ ಆರೋಗ್ಯ ಸಂಸ್ಥೆ 2001ರಲ್ಲಿ ಆತ್ಮಹತ್ಯೆ ಸೊನ್ನೆಯಾಗಬೇಕು ಅನ್ನೋ ಗುರಿ ಇಟ್ಟಾಗ ಹಲವರು ಹುಬ್ಬೇರಿಸಿದರು. 2009ರಲ್ಲಿ ಅವರ ಆರೋಗ್ಯ ಯೋಜನೆಯ ರೋಗಿಗಳಲ್ಲಿ ಒಂದೂ ಆತ್ಮಹತ್ಯೆ ಆಗಲಿಲ್ಲ. ಅಲ್ಲಿಗೆ ಮುಟ್ಟಿಸಿದ್ದು ಒಂದು ದೊಡ್ಡ ಉಪಾಯವೇನಲ್ಲ. ಅಪಾಯ ಗುರುತಿಸುವುದು, ಬೇಗ ಭೇಟಿ ಕೊಡುವುದು, ಸಾಯುವ ದಾರಿಗಳು ಕೈಗೆಟುಕದಂತೆ ಮಾಡುವುದು, ಇಂಥ ಹಲವು ಚಿಕ್ಕ ಬದಲಾವಣೆಗಳು.

ವಾರ್ಡಿನಲ್ಲಿ ಹೊಡೆದಾಟ, ಕಟ್ಟಿಹಾಕುವುದು ಜಾಸ್ತಿಯಾಗಿದ್ದರೆ ಇನ್ನೊಂದು ಆಯ್ಕೆ ಇದೆ: ಸಿದ್ಧ ಪ್ಯಾಕೇಜ್. ಇಂಗ್ಲೆಂಡಿನ 'ಸೇಫ್‌ವಾರ್ಡ್ಸ್' ಅಂಥದ್ದು. ಮೃದುವಾಗಿ ಮಾತಾಡುವ ಸಲಹೆಗಳು, ಸಿಬ್ಬಂದಿ ಮತ್ತು ರೋಗಿಗಳು ಪರಸ್ಪರ ಪರಿಚಯ ಮಾಡಿಕೊಳ್ಳುವ ಫೋಲ್ಡರ್, ಮನಸ್ಸು ಶಾಂತವಾಗಿಸುವ ಸಾಮಾನಿನ ಪೆಟ್ಟಿಗೆ ಹೀಗೆ ಹತ್ತು ಕ್ರಮಗಳು. 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಪರೀಕ್ಷಿಸಿದಾಗ ಘರ್ಷಣೆ ಶೇ 15, ರೋಗಿಯನ್ನು ತಡೆಹಿಡಿಯುವ ಕ್ರಮಗಳು ಶೇ 26.4 ಇಳಿದವು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಈಸ್ಟ್ ಲಂಡನ್ ಟ್ರಸ್ಟ್ ಬೇರೆ ದಾರಿ ಹಿಡಿಯಿತು. ಅಲ್ಲಿನ ವಾರ್ಡುಗಳು ಪಿಡಿಎಸ್‌ಎ ಚಕ್ರ ತಿರುಗಿಸುತ್ತಾ, ಎಲ್ಲರೂ ಕೆಲ ನಿಮಿಷ ನಿಂತು ಮಾತಾಡುವ ಸುರಕ್ಷತಾ ಗುಂಪು, ಮುಂದಿನ 24 ಗಂಟೆಯ ಅಪಾಯ ಅಂದಾಜಿಸುವ ಆರು ಅಂಶಗಳ ಬ್ರೋಸೆಟ್ ಪಟ್ಟಿ ಇವನ್ನು ತಮಗೆ ಹೊಂದಿಸಿಕೊಂಡವು.

ಎರಡರಲ್ಲಿ ಯಾವುದು? ಸಿದ್ಧ ಪ್ಯಾಕೇಜ್ ಇದ್ದರೆ ಅದರಿಂದಲೇ ಶುರು ಮಾಡಿ ಅನ್ನೋದು ನನ್ನ ಅಭಿಪ್ರಾಯ. ಬೇರೆಯವರು ಪರೀಕ್ಷಿಸಿ ಕೊಟ್ಟದ್ದನ್ನು ಬಿಟ್ಟು ಹೊಸದನ್ನು ಕಟ್ಟುವ ಹಠ ಯಾಕೆ? ಆದರೆ ಹತ್ತನ್ನೂ ಒಟ್ಟಿಗೆ ಹೇರದೆ, ಒಂದೊಂದನ್ನೇ ಚಕ್ರದಲ್ಲಿ ಹಾಕಿ ನಿಮ್ಮ ವಾರ್ಡಿಗೆ ಕೂಡಿಸಿಕೊಳ್ಳಿ.

ಯಾವುದನ್ನೇ ಆರಿಸಿ, ಅಳತೆಯಲ್ಲಿ ಮೋಸಹೋಗಬೇಡಿ

ಖಿನ್ನತೆ ಅಳೆಯಲು ಹೆಚ್ಚಿನವರು ಪಿಎಚ್‌ಕ್ಯು-9 ಬಳಸುತ್ತಾರೆ. ಒಂಬತ್ತು ಪ್ರಶ್ನೆ, ಅಂಕ 0ಯಿಂದ 27. ಅಂಕ ಅರ್ಧಕ್ಕಿಳಿದರೆ ಚಿಕಿತ್ಸೆಗೆ ಸ್ಪಂದನೆ, 5ಕ್ಕಿಂತ ಕಡಿಮೆಯಾದರೆ ಗುಣ ಅಂತ ಸಾಮಾನ್ಯ ಲೆಕ್ಕ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಮೊದಲ ದಿನ ನೂರು ಮಂದಿ ಫಾರ್ಮ್ ತುಂಬಿದರು, ಸರಾಸರಿ 16. ಮೂರು ತಿಂಗಳ ನಂತರ ಸರಾಸರಿ 9. ಭೇಷ್ ಅನ್ನಿಸುತ್ತದೆ. ಆದರೆ ಎರಡನೇ ಸಲ ತುಂಬಿದವರು ಎಷ್ಟು? ನಲವತ್ತು. ಉಳಿದ ಅರವತ್ತು ಮಂದಿ ಎಲ್ಲಿ? ಒಳ್ಳೆಯದಾಗಿ ಬರುವುದು ಬಿಟ್ಟರೋ, ಬೇಸತ್ತು ಬಿಟ್ಟರೋ, ಹಾಸಿಗೆಯಿಂದಲೇ ಏಳಲಾಗುತ್ತಿಲ್ಲವೋ. ಬಾರದವರು ಫಾರ್ಮ್ ತುಂಬುವುದಿಲ್ಲ. ಜನ ಬಿಟ್ಟುಹೋದಷ್ಟೂ ನಿಮ್ಮ ಸರಾಸರಿ ಚೆನ್ನಾಗಿ ಕಾಣುವ ಅಪಾಯ ಇದೆ.

ಆದ್ದರಿಂದ 'ಎಷ್ಟು ಮಂದಿಯ ಅಂಕ ಅರ್ಧಕ್ಕಿಳಿಯಿತು' ಅನ್ನೋದನ್ನು ಶುರುವಾದ ನೂರರಲ್ಲೇ ಹೇಳಿ, ಸಿಕ್ಕ ನಲವತ್ತರಲ್ಲಿ ಬೇಡ. ನಲವತ್ತರಲ್ಲಿ ಇಪ್ಪತ್ತು ಅಂದರೆ ಅರ್ಧ. ನೂರರಲ್ಲಿ ಇಪ್ಪತ್ತು ಅಂದರೆ ಐದರಲ್ಲಿ ಒಂದು. ಕಹಿ, ಆದರೆ ಚಕ್ರ ಎತ್ತ ತಿರುಗಿಸಬೇಕು ಅಂತ ತೋರಿಸುವುದು ಈ ಎರಡನೇ ಅಂಕಿಯೇ.

ಇನ್ನೊಂದು ಮಾತು. ಒಂದು ತಿಂಗಳು ಏರಿತು, ಒಂದು ತಿಂಗಳು ಇಳಿಯಿತು ಅಂತ ಕುಣಿಯುವುದೂ ಬೇಡ, ಕೊರಗುವುದೂ ಬೇಡ. ವಾರಕ್ಕೊಂದು ಚುಕ್ಕಿ ಇಟ್ಟು ಗೆರೆ ಎಳೆಯಿರಿ, ಮಧ್ಯಾಂಕದ ಗೆರೆಯನ್ನೂ ಹಾಕಿ. ಸಾಲಾಗಿ ಆರು ಅಥವಾ ಹೆಚ್ಚು ಚುಕ್ಕಿಗಳು ಆ ಗೆರೆಯ ಒಂದೇ ಬದಿಗೆ ಬಿದ್ದರೆ, ಇಲ್ಲವೇ ಐದು ಅಥವಾ ಹೆಚ್ಚು ಚುಕ್ಕಿಗಳು ಒಂದೇ ಸಮನೆ ಏರುತ್ತಲೋ ಇಳಿಯುತ್ತಲೋ ಹೋದರೆ ಏನೋ ಬದಲಾಗಿದೆ ಅಂತ ತಿಳಿಯಿರಿ. ಇದಕ್ಕೆ ಸಾಫ್ಟ್‌ವೇರ್ ಬೇಡ, ಚೌಕುಳಿ ಹಾಳೆ ಸಾಕು.

ಹೊರಗಿನ ನೆರವು: ಯಾವುದಕ್ಕೆ ದುಡ್ಡು ಕೊಡುವುದು?

ಇದಕ್ಕೆ ಅಪರೂಪದ ನೇರ ಉತ್ತರ ಇದೆ. ಅಮೆರಿಕದ ಐದು ರಾಜ್ಯಗಳ 201 ವ್ಯಸನ ಚಿಕಿತ್ಸಾ ಕ್ಲಿನಿಕ್ಕುಗಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿ ನಡೆಸಿದ ನಯಾಟೆಕ್ಸ್ 200 ಅಧ್ಯಯನ, 2013ರಲ್ಲಿ ಪ್ರಕಟವಾದದ್ದು. ಒಂದು ಗುಂಪಿಗೆ ಬರೀ ಫೋನಿನಲ್ಲಿ ಸಾಮೂಹಿಕ ಮಾತುಕತೆ. ಒಂದಕ್ಕೆ ಒಬ್ಬ ಅನುಭವಿ ಕೋಚ್. ಒಂದಕ್ಕೆ ಎಲ್ಲರೂ ಸೇರುವ ಕಲಿಕಾ ಸಭೆಗಳು. ಕೊನೆಯದಕ್ಕೆ ಇವೆಲ್ಲವೂ.

ಬರೀ ಫೋನ್ ಮಾತುಕತೆಯಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಕೋಚ್ ಇದ್ದ ಕ್ಲಿನಿಕ್ಕುಗಳಲ್ಲಿ ಕಾಯುವ ಅವಧಿ ಸರಾಸರಿ 4.6 ದಿನ ಇಳಿಯಿತು, ಎಲ್ಲವೂ ಸಿಕ್ಕವರಲ್ಲಿ 4.7 ದಿನ. ಹೆಚ್ಚುಕಮ್ಮಿ ಒಂದೇ. ಖರ್ಚು ನೋಡಿ: ಕೋಚ್ ಮಾತ್ರ ಆದರೆ ಒಂದು ಕ್ಲಿನಿಕ್ಕಿಗೆ 2,878 ಡಾಲರ್, ಎಲ್ಲವೂ ಸೇರಿದರೆ 7,930. ತರಬೇತಿ ಶಿಬಿರ, ಸಮ್ಮೇಳನ, ವೆಬಿನಾರ್ ಅಂತ ಪಟ್ಟಿ ಹಿಡಿದು ಬರುವವರಿಗೆ ಈ ಎರಡು ಅಂಕಿ ತೋರಿಸಿ. ಈ ಕೆಲಸ ಮಾಡಿ ಗೊತ್ತಿರುವ ಒಬ್ಬರು ತಿಂಗಳಿಗೊಮ್ಮೆ ಜೊತೆ ಕೂತು 'ಹೋದ ಸಲ ಏನು ಮಾಡಿದಿರಿ?' ಅಂತ ಕೇಳಿದರೆ ಬಹುಪಾಲು ಆಯಿತು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಸೇರಿದವರು ಚಿಕಿತ್ಸೆಯಲ್ಲಿ ಉಳಿಯುವುದು ಯಾವ ಗುಂಪಿನಲ್ಲೂ ಗಣನೀಯವಾಗಿ ಸುಧಾರಿಸಲಿಲ್ಲ. ಕಾಯುವ ದಿನ ಇಳಿಸುವುದು ಕಚೇರಿಯ ಕೆಲಸ: ವೇಳಾಪಟ್ಟಿ, ಫೋನು, ಫಾರ್ಮು. ಜನ ಉಳಿಯುವುದು ಕೋಣೆಯೊಳಗೆ ಏನಾಗುತ್ತದೆ ಅನ್ನೋದರ ಮೇಲೂ ನಿಂತಿದೆ. ಮೊದಲ ವರ್ಷ ಕಾಯುವ ದಿನದ ಮೇಲೆ ಚಕ್ರ ತಿರುಗಿಸಿ, ಕೈ ಪಳಗಲಿ. ಉಳಿಯುವ ಪ್ರಶ್ನೆಗೆ ಆಮೇಲೆ ಬನ್ನಿ. ಆಗ ತಂಡದಲ್ಲಿ ಚಿಕಿತ್ಸೆ ಅರ್ಧಕ್ಕೆ ಬಿಟ್ಟುಹೋಗಿ ಮತ್ತೆ ಬಂದ ಒಬ್ಬರಾದರೂ ಇರಲಿ, ಅವರ ಸಮಯಕ್ಕೆ ಸಂಬಳದ ಹಾಗೆ ದುಡ್ಡು ಕೊಡಿ. ಮೀಟಿಂಗನ್ನು ಅವರು ಬರಲು ಆಗುವ ಹೊತ್ತಿಗೆ ಇಟ್ಟುಕೊಳ್ಳಿ.